ಒಂದೇ ಊರು, ಎರಡು ಬಿತ್ತನೆ

2016ರ ನವೆಂಬರ್ 2ರ ಸಂಜೆ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾದ ಬೇಸ್‌ಬಾಲ್ ಪಂದ್ಯ ನಡುರಾತ್ರಿ ದಾಟಿದರೂ ಮುಗಿದಿರಲಿಲ್ಲ. ಅಮೆರಿಕದ ಬೇಸ್‌ಬಾಲ್‌ನ ಅತಿ ದೊಡ್ಡ ಕಿರೀಟವಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಅದು. ಎರಡೂ ತಂಡಗಳು ತಲಾ ಮೂರು ಪಂದ್ಯ ಗೆದ್ದಿದ್ದವು. ಒಂಬತ್ತು ಇನಿಂಗ್ಸ್ ಮುಗಿದಾಗ 6-6. ಮಳೆ ಹನಿದು 17 ನಿಮಿಷ ಆಟ ನಿಂತಿತು. ಮತ್ತೆ ಶುರುವಾಗಿ, ಹತ್ತನೇ ಇನಿಂಗ್ಸ್‌ನಲ್ಲಿ ಶಿಕಾಗೊ ಕಬ್ಸ್ 8-7ರಿಂದ ಮುಂದಿತ್ತು. ಬೇಕಿದ್ದದ್ದು ಇನ್ನೊಂದೇ ಔಟ್. ಮೈಕ್ ಮಾಂಟ್ಗಮರಿ ಎಸೆದ ಚೆಂಡು ಬ್ಯಾಟಿಗೆ ತಗುಲಿ ಮೆಲ್ಲಗೆ ನೆಲದ ಮೇಲೆ ಉರುಳಿತು. ಕ್ರಿಸ್ ಬ್ರಯಂಟ್ ಓಡಿ ಬಂದು ಎತ್ತಿಕೊಂಡರು. ಎಸೆಯುವ ಹೊತ್ತಿಗೆ ಒದ್ದೆ ಹುಲ್ಲಿನಲ್ಲಿ ಕಾಲು ಜಾರಿತು, ಚೆಂಡು ಮಾತ್ರ ಗುರಿ ತಪ್ಪಲಿಲ್ಲ. ಮೊದಲ ಬೇಸ್‌ನಲ್ಲಿ ನಿಂತಿದ್ದ ಆಂಟನಿ ರಿಝೊ ಅದನ್ನು ಹಿಡಿದು ಹಿಂಬದಿಯ ಜೇಬಿಗೆ ಸೇರಿಸಿದರು. 1908ರಿಂದ ಬರಿಗೈಯಲ್ಲಿದ್ದ ತಂಡ 108 ವರ್ಷದ ಮೇಲೆ ಗೆದ್ದಿತ್ತು.

ಆ ಕೊನೆಯ ಚೆಂಡು ಮೂವರ ಕೈ ದಾಟಿತು. ಆ ಮೂವರು ಶಿಕಾಗೊಗೆ ಬಂದ ದಾರಿ ನೋಡಿದರೆ, ಸೋತ ತಂಡವೊಂದನ್ನು ಬುಡದಿಂದ ಕಟ್ಟುವ ಕೆಲಸ ಹೇಗೆ ನಡೆಯುತ್ತದೆಂಬುದು ತಿಳಿಯುತ್ತದೆ. ಮಾಂಟ್ಗಮರಿ ಅದೇ ಜುಲೈನಲ್ಲಿ ಸಿಯಾಟಲ್ ತಂಡದಿಂದ ವಿನಿಮಯವಾಗಿ ಬಂದವರು. ಬ್ರಯಂಟ್, 2012ರಲ್ಲಿ ತಂಡ 101 ಪಂದ್ಯ ಸೋತದ್ದಕ್ಕೆ ಪ್ರತಿಯಾಗಿ ಸಿಕ್ಕ ಹುಡುಗ. ರಿಝೊ ಬಂದಾಗ, ‘ಈ ವಿನಿಮಯ ಸರಿಯೇ?’ ಎಂದು ಅಭಿಮಾನಿಗಳು ತಿಂಗಳುಗಟ್ಟಲೆ ಚರ್ಚೆ ಮಾಡಿದ್ದರು.

ಶಿಕಾಗೊದಲ್ಲಿ ಇಂಥ ಚರ್ಚೆಗೆ ಬಿಡುವೇ ಇಲ್ಲ, ಏಕೆಂದರೆ ಆ ಊರಿಗೆ ಎರಡು ತಂಡಗಳಿವೆ. ಉತ್ತರ ಭಾಗದ್ದು ಕಬ್ಸ್, ದಕ್ಷಿಣ ಭಾಗದ್ದು ವೈಟ್ ಸಾಕ್ಸ್. ನಗರದ ರೆಡ್ ಲೈನ್ ರೈಲು ಎರಡೂ ಕ್ರೀಡಾಂಗಣಗಳ ಬಾಗಿಲಲ್ಲೇ ಹಾದುಹೋಗುತ್ತದೆ. ಅಡಿಸನ್ ನಿಲ್ದಾಣದಲ್ಲಿ ಇಳಿದರೆ ಕಬ್ಸ್, 35ನೇ ಬೀದಿಯಲ್ಲಿ ಇಳಿದರೆ ಸಾಕ್ಸ್. ನಮ್ಮ ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಮಾಡಿದ ಶಿಕಾಗೊ ವಿಶ್ವವಿದ್ಯಾಲಯ ಇರುವುದೂ ಇದೇ ದಕ್ಷಿಣ ಭಾಗದಲ್ಲಿ. ಕಬ್ಸ್ ತಂಡ ಪ್ರತಿ ಜನವರಿಯ ಚಳಿಯಲ್ಲಿ ಅಭಿಮಾನಿಗಳ ಸಮ್ಮೇಳನ ನಡೆಸುತ್ತದೆ. 1986ರಲ್ಲಿ ಶುರುವಾದ ಈ ರೂಢಿಯಲ್ಲಿ ಸಾಮಾನ್ಯ ಪ್ರೇಕ್ಷಕರು ಮೈಕಿನ ಮುಂದೆ ಸಾಲು ನಿಂತು, ತಂಡ ನಡೆಸುವವರನ್ನು ‘ಅವನನ್ನು ಯಾಕೆ ಕೊಟ್ಟಿರಿ, ಇವನಿಗೆ ಯಾಕೆ ಅಷ್ಟು ದುಡ್ಡು ಸುರಿದಿರಿ’ ಎಂದು ನೇರವಾಗಿ ಕೇಳುತ್ತಾರೆ.

ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಯಜುವೇಂದ್ರ ಚಾಹಲ್‌ರನ್ನು 2022ರ ಹರಾಜಿಗೆ ಮುಂಚೆ ಕೈಬಿಟ್ಟದ್ದಕ್ಕೆ ಆರ್‌ಸಿಬಿ ಅಭಿಮಾನಿಗಳು ಎಷ್ಟು ಕುದಿದರು! ಅವರು ಆ ವರ್ಷವೇ ರಾಜಸ್ಥಾನದ ಪರ ಆಡಿ ಟೂರ್ನಿಯಲ್ಲೇ ಅತಿ ಹೆಚ್ಚು ವಿಕೆಟ್ ಕಿತ್ತರು. 2024ರ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದಾಗ, ಊರ ಹುಡುಗನನ್ನು ಬಿಟ್ಟರಲ್ಲ ಎಂದು ಬೇಸರಪಟ್ಟವರು ಎಷ್ಟೋ ಮಂದಿ. ಮುಂದಿನ ಜೂನ್‌ನಲ್ಲಿ ಅದೇ ಆರ್‌ಸಿಬಿ 18ನೇ ಪ್ರಯತ್ನದಲ್ಲಿ ಕಪ್ ಎತ್ತಿತು. ಆದರೆ ಐಪಿಎಲ್‌ನ ಹರಾಜು ಒಂದೆರಡು ದಿನಗಳಲ್ಲಿ ಮುಗಿಯುವ ವ್ಯವಹಾರ, ಮೂರ್ನಾಲ್ಕು ವರ್ಷಕ್ಕೊಮ್ಮೆ ತಂಡ ಬಹುಪಾಲು ಹೊಸದಾಗುತ್ತದೆ. ಬೇಸ್‌ಬಾಲ್‌ನಲ್ಲಿ ಹರಾಜೇ ಇಲ್ಲ. ಅಲ್ಲಿ ತಂಡ ಕಟ್ಟುವುದು ತೆಂಗಿನ ಸಸಿ ನೆಟ್ಟ ಹಾಗೆ.

ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದೂ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಶಾಲೆ-ಕಾಲೇಜುಗಳಿಂದ ಬರುವ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದು ಡ್ರಾಫ್ಟ್. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ ಎಂಬುದು ಬಹಳ ಕಾಲದ ನಿಯಮವಾಗಿತ್ತು. ಆರಿಸಿಕೊಂಡ ಹುಡುಗ ಮರುದಿನವೇ ದೊಡ್ಡ ಮೈದಾನಕ್ಕೆ ಇಳಿಯುವುದಿಲ್ಲ. ಸಣ್ಣಪುಟ್ಟ ಊರುಗಳ ಮೈನರ್ ಲೀಗ್ ತಂಡಗಳಲ್ಲಿ, ಬಸ್ಸುಗಳಲ್ಲಿ ಅಲೆಯುತ್ತಾ, ಎರಡು ಮೂರು ವರ್ಷ ಬಲಿಯಬೇಕು. ಈ ಕೆಳಹಂತದ ತಂಡಗಳ ಸಾಲನ್ನು ಅಮೆರಿಕನ್ನರು ‘ಫಾರ್ಮ್’ ಎಂದೇ ಕರೆಯುತ್ತಾರೆ. ಹೊಲ ಅಂದರೆ ಹೊಲವೇ, ಬಿತ್ತಿದ್ದೆಲ್ಲ ಮೊಳೆಯುವುದಿಲ್ಲ.

ದೊಡ್ಡ ಲೀಗಿಗೆ ಬಂದ ಮೇಲೆ ಆಟಗಾರ ಆರು ವರ್ಷ ಆ ತಂಡದ ಹಿಡಿತದಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಲೀಗಿನ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಅದು 7,60,000 ಡಾಲರ್ ಇತ್ತು. ಆಮೇಲಿನ ಮೂರು ವರ್ಷ ಪಂಚಾಯ್ತಿಯ ಮೂಲಕ ಸಂಬಳ ಏರುತ್ತದೆ. ಆರು ತುಂಬಿದ ಮೇಲೆ ಆತ ಫ್ರೀ ಏಜೆಂಟ್, ಯಾವ ತಂಡ ಹೆಚ್ಚು ಕೊಡುತ್ತದೋ ಅಲ್ಲಿಗೆ ಹೋಗಬಹುದು. ಈ ನಡುವೆ ತಂಡ ಆತನನ್ನು ಬೇರೆ ತಂಡಕ್ಕೆ ಕೊಟ್ಟು ಬೇರೊಬ್ಬರನ್ನು ತರಬಹುದು. ಅದೇ ಟ್ರೇಡ್. ಆತನ ಒಪ್ಪಿಗೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹತ್ತು ವರ್ಷ ಲೀಗಿನಲ್ಲಿ ಆಡಿ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿದ್ದವರಿಗೆ ಮಾತ್ರ ‘ಆಗುವುದಿಲ್ಲ’ ಎನ್ನುವ ಹಕ್ಕು.

ಆರು ವರ್ಷದ ಬಳಿಕದ ಈ ಬಿಡುಗಡೆಯೂ ಸುಲಭಕ್ಕೆ ಬಂದದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡ ತನ್ನನ್ನು ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದಾಗ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ, ನಾನು ಮಾರಾಟದ ಸರಕಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1972ರಲ್ಲಿ 5-3ರ ತೀರ್ಪಿನಲ್ಲಿ ಸೋತರು. ಅವರ ಆಟದ ಬದುಕು ಅಲ್ಲಿಗೆ ಮುಗಿದುಹೋಗಿತ್ತು. ಮೂರು ವರ್ಷದ ಬಳಿಕ, 1975ರ ಡಿಸೆಂಬರ್‌ನಲ್ಲಿ, ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ ಮಧ್ಯಸ್ಥಗಾರರೊಬ್ಬರು ಕೊಟ್ಟ ತೀರ್ಪು ಬಾಗಿಲು ತೆರೆಯಿತು. ಇವತ್ತು ನೂರಾರು ಮಿಲಿಯನ್ ಡಾಲರ್‌ಗೆ ಸಹಿ ಹಾಕುವ ಪ್ರತಿಯೊಬ್ಬನೂ ಫ್ಲಡ್‌ಗೆ ಋಣಿ.

ಟ್ರೇಡ್ ಎಂದ ಕೂಡಲೇ ಕಬ್ಸ್ ಅಭಿಮಾನಿಗಳ ಎದೆ ಯಾಕೆ ಝಲ್ಲೆನ್ನುತ್ತದೆಂದು ತಿಳಿಯಲು 1964ರ ಜೂನ್ 15ಕ್ಕೆ ಹೋಗಬೇಕು. ಅಂದು ಕಬ್ಸ್, 24 ವರ್ಷದ ಲೂ ಬ್ರಾಕ್‌ರನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಎರ್ನಿ ಬ್ರಾಲಿಯೊ ಎಂಬ ಪಿಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ತಂದಿತು. ಬ್ರಾಲಿಯೊ ಕಬ್ಸ್ ಪರ ಗೆದ್ದದ್ದು ಒಟ್ಟು ಏಳೇ ಪಂದ್ಯ. ಬ್ರಾಕ್ ಅದೇ ವರ್ಷ ಸೇಂಟ್ ಲೂಯಿಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದರು, ಒಟ್ಟು 938 ಬೇಸ್ ಕದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದೇ ಈ ಕಳ್ಳತನ) ಹಾಲ್ ಆಫ್ ಫೇಮ್ ಸೇರಿದರು. ಅರವತ್ತು ವರ್ಷ ಕಳೆದರೂ ಶಿಕಾಗೊದಲ್ಲಿ ಕೆಟ್ಟ ವಿನಿಮಯಕ್ಕೆ ‘ಬ್ರಾಕ್‌ಗೆ ಬ್ರಾಲಿಯೊ’ ಎಂಬ ಮಾತೇ ಉಳಿದುಕೊಂಡಿದೆ. ಗಮನಿಸಬೇಕಾದ ಸಂಗತಿಯೆಂದರೆ, ಟ್ರೇಡ್ ನಡೆದ ದಿನ ಶಿಕಾಗೊದಲ್ಲಿ ಅನೇಕರು ಇದು ಒಳ್ಳೆಯ ವ್ಯಾಪಾರವೆಂದೇ ನಂಬಿದ್ದರು. ಬ್ರಾಲಿಯೊ 1960ರಲ್ಲಿ 21 ಪಂದ್ಯ ಗೆದ್ದಿದ್ದ ಪಿಚರ್.

2011ರ ಅಕ್ಟೋಬರ್‌ನಲ್ಲಿ ಕಬ್ಸ್ ಥಿಯೊ ಎಪ್‌ಸ್ಟೀನ್ ಅವರನ್ನು ಕರೆತಂದಾಗ ಊರು ಹಬ್ಬ ಮಾಡಿತು. 2004ರಲ್ಲಿ ಬಾಸ್ಟನ್ ತಂಡದ 86 ವರ್ಷದ ಬರ ನೀಗಿಸಿದವರು ಅವರು. ಇಲ್ಲೂ ಬಂದ ಕೂಡಲೇ ದೊಡ್ಡ ಹೆಸರುಗಳನ್ನು ಕೊಳ್ಳುತ್ತಾರೆಂದು ಜನ ಕಾದರು. ಅವರು ಮಾಡಿದ್ದು ತದ್ವಿರುದ್ಧ. ಇದ್ದ ಅನುಭವಿಗಳನ್ನೆಲ್ಲ ಒಬ್ಬೊಬ್ಬರಾಗಿ ಮಾರಿ ಎಳೆಯ ಹುಡುಗರನ್ನು ತಂದರು. 2012ರಲ್ಲಿ 101 ಸೋಲು, 2013ರಲ್ಲಿ 96, 2014ರಲ್ಲಿ 89. ವರ್ಷಕ್ಕೆ 30 ಲಕ್ಷ ದಾಟುತ್ತಿದ್ದ ಪ್ರೇಕ್ಷಕರು 2013ರಲ್ಲಿ 26 ಲಕ್ಷಕ್ಕೆ ಇಳಿದರು. ಟಿಕೆಟ್ ಕೊಂಡು ಸೋಲು ನೋಡುವವರಿಗೆ ‘ಇನ್ನು ಮೂರು ವರ್ಷ ತಾಳಿ’ ಎಂದರೆ ಕೋಪ ಬಾರದೆ ಇರುತ್ತದೆಯೇ? ಅಭಿಮಾನಿಗಳಲ್ಲಿ ಎರಡು ಪಕ್ಷವಾಯಿತು. ಅರ್ಧಂಬರ್ಧ ಗೆಲುವು ಬೇಡ, ಬುಡದಿಂದ ಕಟ್ಟಲಿ ಎಂದವರು ಒಂದು ಕಡೆ. ಶ್ರೀಮಂತ ನಗರದ ಶ್ರೀಮಂತ ತಂಡ ಬೇಕಂತಲೇ ದುರ್ಬಲ ತಂಡವನ್ನು ಇಳಿಸುವುದು ಪ್ರೇಕ್ಷಕನಿಗೆ ಮಾಡುವ ಮೋಸ ಎಂದವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಹುರುಳಿತ್ತು. ಮುಂದೆ ತಂಡ ಗೆದ್ದ ಮಾತ್ರಕ್ಕೆ ಆ ಪ್ರಶ್ನೆ ಸುಳ್ಳಾಗಲಿಲ್ಲ.

ರಿಝೊ ಬಂದದ್ದು 2012ರ ಜನವರಿಯಲ್ಲಿ. ಅವರಿಗಾಗಿ ಕಬ್ಸ್ ಬಿಟ್ಟುಕೊಟ್ಟದ್ದು ಗಂಟೆಗೆ ನೂರು ಮೈಲಿ ವೇಗದಲ್ಲಿ ಎಸೆಯಬಲ್ಲ ಆಂಡ್ರೂ ಕ್ಯಾಶ್ನರ್ ಎಂಬ ಯುವ ಪಿಚರ್‌ನನ್ನು. ರಿಝೊ ಹಿಂದಿನ ವರ್ಷ ಸ್ಯಾನ್ ಡಿಯಾಗೊ ಪರ 49 ಪಂದ್ಯ ಆಡಿ .141 ಸರಾಸರಿಯಲ್ಲಿ ಹೊಡೆದಿದ್ದರು. ಅಂದರೆ ಏಳು ಸಲ ಬ್ಯಾಟ್ ಬೀಸಲು ನಿಂತರೆ ಒಂದೇ ಹಿಟ್. ಈ ಅಂಕಿ ಹಿಡಿದು ‘ಮತ್ತೊಬ್ಬ ಬ್ರಾಲಿಯೊ’ ಎಂದವರನ್ನು ದೂರುವಂತಿಲ್ಲ. ಆದರೆ ಎಪ್‌ಸ್ಟೀನ್‌ಗೆ ರಿಝೊ ಅಂಕಿಯಾಚೆಗೂ ಗೊತ್ತಿತ್ತು. 2007ರಲ್ಲಿ ಬಾಸ್ಟನ್‌ಗೆ ಆ ಹುಡುಗನನ್ನು ಆರಿಸಿದ್ದು ಅವರದೇ ತಂಡ. ಮರುವರ್ಷ ಹುಡುಗನಿಗೆ ಲಿಂಫೋಮಾ ಕ್ಯಾನ್ಸರ್ ಬಂದಾಗ, ಅದರಿಂದ ಗುಣವಾಗಿ ಮೈದಾನಕ್ಕೆ ಮರಳಿದಾಗ ಹತ್ತಿರದಿಂದ ನೋಡಿದ್ದವರು ಅವರು. ಹೊರಗೆ ನಿಂತ ಅಭಿಮಾನಿಗೆ ಕಾಣದ ಈ ತಿಳಿವಳಿಕೆಯೇ ಟ್ರೇಡ್ ಚರ್ಚೆಯ ದೊಡ್ಡ ಮಿತಿ.

ಎಲ್ಲಕ್ಕಿಂತ ಸ್ವಾರಸ್ಯದ ಕಥೆ ಸ್ಕಾಟ್ ಫೆಲ್ಡ್‌ಮನ್‌ರದ್ದು. 2012ರ ಕೊನೆಯಲ್ಲಿ ಕಬ್ಸ್ ಈ ಸಾಧಾರಣ ಪಿಚರ್‌ಗೆ ಒಂದು ವರ್ಷಕ್ಕೆ 60 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿತು. ಸೋಲಲೆಂದೇ ಇರುವ ತಂಡಕ್ಕೆ ಇವನ್ಯಾಕೆ ಎಂದು ಕೇಳದವರಿಲ್ಲ. ಉತ್ತರ ಜುಲೈನಲ್ಲಿ ಸಿಕ್ಕಿತು. ಮೂರು ತಿಂಗಳು ಚೆನ್ನಾಗಿ ಎಸೆದ ಫೆಲ್ಡ್‌ಮನ್‌ರನ್ನು, ಪ್ರಶಸ್ತಿಯ ಆಸೆಯಲ್ಲಿದ್ದ ಬಾಲ್ಟಿಮೋರ್‌ಗೆ ಇನ್ನೊಬ್ಬ ಆಟಗಾರನ ಜೊತೆ ಕೊಟ್ಟು, ಅಲ್ಲಿ ಯಾರಿಗೂ ಬೇಡವಾಗಿದ್ದ ಜೇಕ್ ಅರಿಯೆಟಾ ಮತ್ತು ಪೆದ್ರೊ ಸ್ಟ್ರೋಪ್ ಎಂಬ ಇಬ್ಬರನ್ನು ತಂದರು. ಎರಡೇ ವರ್ಷದಲ್ಲಿ ಅರಿಯೆಟಾ 22 ಪಂದ್ಯ ಗೆದ್ದು, 6 ಸೋತು, ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. 2016ರ ವರ್ಲ್ಡ್ ಸೀರೀಸ್‌ನಲ್ಲಿ ಎರಡು ಪಂದ್ಯ ಗೆಲ್ಲಿಸಿದರು. ಫೆಲ್ಡ್‌ಮನ್ ಮಾತ್ರ 2013ರ ಕೊನೆಗೇ ಬಾಲ್ಟಿಮೋರ್ ಬಿಟ್ಟು ಹೊರಟಿದ್ದರು. ಕಟ್ಟುವ ಹಂತದ ತಂಡ ಫ್ರೀ ಏಜೆಂಟ್‌ನನ್ನು ಕೊಳ್ಳುವುದು ಕೆಲವೊಮ್ಮೆ ಆತ ಆಡಲೆಂದಲ್ಲ. ಸಂತೆಗೆ ಒಯ್ಯಲು ಕರುವನ್ನು ಮೇಯಿಸಿದ ಹಾಗೆ.

ಇದೇ ಬಗೆಯಲ್ಲಿ 2012ರ ಜುಲೈ 31ರಂದು, ಟ್ರೇಡ್ ಗಡುವಿನ ಕೊನೆಯ ನಿಮಿಷಗಳಲ್ಲಿ, ಹಿರಿಯ ಪಿಚರ್ ರಯನ್ ಡೆಂಪ್‌ಸ್ಟರ್ ಟೆಕ್ಸಸ್‌ಗೆ ಹೋದರು. ಅದಕ್ಕೂ ಮುಂಚೆ ಅಟ್ಲಾಂಟಾ ಜೊತೆ ಮಾತು ಮುಗಿದಿತ್ತು, ಆದರೆ ಡೆಂಪ್‌ಸ್ಟರ್ ಹತ್ತು-ಐದರ ಹಕ್ಕು ಬಳಸಿ ಒಲ್ಲೆ ಎಂದಿದ್ದರು. ಅಟ್ಲಾಂಟಾದಿಂದ ಬರಬೇಕಿದ್ದ ಹೆಸರಾಂತ ಹುಡುಗ ತಪ್ಪಿಹೋದನೆಂದು ಕಬ್ಸ್ ಅಭಿಮಾನಿಗಳು ಡೆಂಪ್‌ಸ್ಟರ್ ಮೇಲೆ ಹರಿಹಾಯ್ದರು. ಬದಲಿಗೆ ಟೆಕ್ಸಸ್‌ನಿಂದ ಬಂದವರಲ್ಲಿ ಕೈಲ್ ಹೆಂಡ್ರಿಕ್ಸ್ ಒಬ್ಬರು. ವೇಗವಿಲ್ಲ, ಹೆಸರಿಲ್ಲ, ಡ್ರಾಫ್ಟ್‌ನ ಎಂಟನೇ ಸುತ್ತಿನಲ್ಲಿ ಆರಿಸಿದ ಹುಡುಗ. ನಾಲ್ಕು ವರ್ಷದ ಬಳಿಕ ಆ ಏಳನೇ ಪಂದ್ಯದಲ್ಲಿ ಕಬ್ಸ್ ಪರ ಮೊದಲ ಚೆಂಡು ಎಸೆದವರು ಅವರೇ.

ತಪ್ಪುಗಳೂ ಇದ್ದವು. ಎಡ್ವಿನ್ ಜ್ಯಾಕ್ಸನ್ ಎಂಬ ಪಿಚರ್‌ಗೆ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರ್ ಒಪ್ಪಿ, ಒಪ್ಪಂದ ಮುಗಿಯುವ ಮುಂಚೆಯೇ ಕಳಿಸಬೇಕಾಯಿತು. ಡ್ರಾಫ್ಟ್ ಕೂಡ ಕಣ್ಣುಮುಚ್ಚಾಲೆಯೇ. ಬ್ರಯಂಟ್ 2013ರಲ್ಲಿ ಎರಡನೇ ಸರದಿಯಲ್ಲಿ ಸಿಕ್ಕವರು. ಕಬ್ಸ್‌ಗಿಂತಲೂ ಹೆಚ್ಚು, 107 ಪಂದ್ಯ ಸೋತಿದ್ದ ಹ್ಯೂಸ್ಟನ್ ಮೊದಲ ಸರದಿಯಲ್ಲಿ ಮಾರ್ಕ್ ಅಪೆಲ್ ಎಂಬ ಪಿಚರ್‌ನನ್ನು ಆರಿಸಿಕೊಂಡಿತ್ತು. ಅವರು ಹ್ಯೂಸ್ಟನ್ ಪರ ಮೇಜರ್ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಬ್ರಯಂಟ್ ವಿಷಯದಲ್ಲಿ ಕಬ್ಸ್ ನಡೆದುಕೊಂಡ ರೀತಿ ಮಾತ್ರ ಮನಸ್ಸಿಗೆ ಒಗ್ಗುವುದಿಲ್ಲ. 2014ರಲ್ಲಿ ಮೈನರ್ ಲೀಗಿನಲ್ಲಿ 43 ಹೋಮ್ ರನ್ ಹೊಡೆದ ಹುಡುಗ, ಮರುವರ್ಷದ ಅಭ್ಯಾಸ ಪಂದ್ಯಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೋಮ್ ರನ್ ಹೊಡೆದರು. ಆದರೂ ತಂಡ ಅವರನ್ನು ಮತ್ತೆ ಕೆಳಗೆ ಕಳಿಸಿ, 2015ರ ಏಪ್ರಿಲ್ 17ರಂದು ಕರೆಸಿಕೊಂಡಿತು. ಕಾರಣ ಲೆಕ್ಕಾಚಾರ. ಲೀಗಿನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಬ್ರಯಂಟ್‌ಗೆ ಆ ವರ್ಷ ಸಿಕ್ಕದ್ದು 171. ಒಂದು ದಿನದ ಕೊರತೆಯಿಂದ ಅವರ ಫ್ರೀ ಏಜೆಂಟ್ ಹಕ್ಕು ಒಂದು ವರ್ಷ ಮುಂದೆ ಹೋಯಿತು. ಆಟಗಾರರ ಸಂಘದ ಮೂಲಕ ದೂರು ಕೊಟ್ಟರು, 2020ರಲ್ಲಿ ಅದೂ ಬಿದ್ದುಹೋಯಿತು. ತಂಡದ ಹಿತ ನೋಡಿದ ಅಭಿಮಾನಿಗಳು ‘ಏಳನೇ ವರ್ಷ ಬಿಟ್ಟಿ ಸಿಕ್ಕಿತು’ ಎಂದು ಖುಷಿಪಟ್ಟರು. ದುಡಿಯುವವನ ಕಡೆ ನಿಂತು ನೋಡಿದವರಿಗೆ ಅದು ಹಾಜರಿ ಪುಸ್ತಕದಲ್ಲಿ ಒಂದು ದಿನ ಹೊಡೆದುಹಾಕಿದಂತೆ ಕಂಡಿತು.

ಎಳೆಯರು ಬಲಿತ ಕೂಡಲೇ ಕಬ್ಸ್ ಥೈಲಿ ಬಿಚ್ಚಿತು. ಮರುಕಟ್ಟುವಿಕೆಯ ಎರಡನೇ ಹಂತ ಇದು, ಗೆಲುವು ಸೋಲು ತೀರ್ಮಾನವಾಗುವುದೂ ಇಲ್ಲೇ. 2014ರ ಡಿಸೆಂಬರ್‌ನಲ್ಲಿ ಜಾನ್ ಲೆಸ್ಟರ್ ಎಂಬ ಪಿಚರ್‌ಗೆ ಆರು ವರ್ಷಕ್ಕೆ 15.5 ಕೋಟಿ ಡಾಲರ್. ಹಿಂದಿನ ವರ್ಷ 89 ಪಂದ್ಯ ಸೋತ ತಂಡಕ್ಕೆ ಲೆಸ್ಟರ್ ಬಂದರೆಂದರೆ, ಈ ಹುಡುಗರು ಗೆಲ್ಲಬಲ್ಲರೆಂದು ಹೊರಗಿನ ಅನುಭವಿಯೊಬ್ಬ ಮುದ್ರೆ ಒತ್ತಿದ ಹಾಗೆ. ಮುಂದಿನ ವರ್ಷವೇ 97 ಗೆಲುವು. ಅದರ ಮರುಚಳಿಗಾಲದಲ್ಲಿ ಬೆನ್ ಝೋಬ್ರಿಸ್ಟ್‌ಗೆ ನಾಲ್ಕು ವರ್ಷಕ್ಕೆ 5.6 ಕೋಟಿ, ಜೇಸನ್ ಹೇವರ್ಡ್‌ಗೆ ಎಂಟು ವರ್ಷಕ್ಕೆ 18.4 ಕೋಟಿ. ಝೋಬ್ರಿಸ್ಟ್ ಏಳನೇ ಪಂದ್ಯದ ಹತ್ತನೇ ಇನಿಂಗ್ಸ್‌ನಲ್ಲಿ ತಂಡವನ್ನು ಮುಂದೆ ತಂದ ಹೊಡೆತ ಹೊಡೆದು ಸರಣಿ ಶ್ರೇಷ್ಠರಾದರು. ಅವರ ಬಗ್ಗೆ ತಕರಾರಿಲ್ಲ.

ಹೇವರ್ಡ್ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಮೊದಲ ವರ್ಷವೇ ಅವರ ಬ್ಯಾಟ್ ಸೋತಿತು, ಸರಾಸರಿ .230. ಮುಂದೆಯೂ ಬೆಲೆಗೆ ತಕ್ಕ ಆಟ ಬರಲಿಲ್ಲ. 2022ರ ಬಳಿಕ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಉಳಿದಿರುವಾಗಲೇ ತಂಡ ಅವರನ್ನು ಬಿಡುಗಡೆ ಮಾಡಿತು. ಅಂಕಿ ನೋಡಿದರೆ ದುಂದುವೆಚ್ಚ. ಆದರೆ ಆ ಮಳೆಯ 17 ನಿಮಿಷದಲ್ಲಿ, ಮೂರು ರನ್‌ಗಳ ಮುನ್ನಡೆ ಕರಗಿ ಆಟಗಾರರು ಕುಸಿದು ಕೂತಿದ್ದಾಗ, ಎಲ್ಲರನ್ನೂ ವ್ಯಾಯಾಮದ ಕೋಣೆಗೆ ಕರೆದು ಧೈರ್ಯ ತುಂಬಿದವರು ಹೇವರ್ಡ್. ಅಲ್ಲಿದ್ದ ಆಟಗಾರರೆಲ್ಲ ಆ ಮಾತುಗಳನ್ನು ನೆನೆಯುತ್ತಾರೆ. 18.4 ಕೋಟಿಯ ತಕ್ಕಡಿಯಲ್ಲಿ ಅದನ್ನು ಎಲ್ಲಿಡಬೇಕು? ಯಾವ ಅಂಕಿಪಟ್ಟಿಯಲ್ಲೂ ಅದಕ್ಕೊಂದು ಕಲಂ ಇಲ್ಲ.

ಇನ್ನೊಂದು ಟ್ರೇಡ್ ಆಟದ ಲೆಕ್ಕವನ್ನೇ ಮೀರಿತ್ತು. 2016ರ ಜುಲೈ 25ರಂದು ಕಬ್ಸ್ ನ್ಯೂಯಾರ್ಕ್ ಯಾಂಕೀಸ್‌ನಿಂದ ಅರೋಲ್ಡಿಸ್ ಚಾಪ್‌ಮನ್‌ರನ್ನು ತಂದಿತು. ಪಂದ್ಯದ ಕೊನೆಯಲ್ಲಿ ಬಂದು ಎದುರಾಳಿಯನ್ನು ಕಟ್ಟಿಹಾಕುವ ಅತಿ ವೇಗದ ಪಿಚರ್. ಕೊಟ್ಟದ್ದು ಗ್ಲೇಬರ್ ಟೋರೆಸ್ ಎಂಬ 19ರ ಪ್ರತಿಭಾವಂತನನ್ನೂ ಇನ್ನು ಮೂವರನ್ನೂ. ಆದರೆ ವಾದ ಎದ್ದದ್ದು ಬೆಲೆಯ ಬಗ್ಗೆ ಮಾತ್ರವಲ್ಲ. ಮನೆಯೊಳಗಿನ ಹಿಂಸೆಯ ಆರೋಪದ ಮೇಲೆ ಲೀಗ್ ಆ ವರ್ಷದ ಶುರುವಿನಲ್ಲಿ ಚಾಪ್‌ಮನ್‌ರನ್ನು 30 ಪಂದ್ಯಗಳಿಗೆ ಅಮಾನತು ಮಾಡಿತ್ತು; ಪೊಲೀಸರು ಮೊಕದ್ದಮೆ ಹೂಡಿರಲಿಲ್ಲ. ತಲೆಮಾರುಗಳಿಂದ ಕಾದ ಗೆಲುವಿಗೆ ಈ ಮನುಷ್ಯನ ಕೈ ಬೇಕೇ ಎಂದು ಅನೇಕ ಅಭಿಮಾನಿಗಳು, ಅದರಲ್ಲೂ ಹೆಣ್ಣುಮಕ್ಕಳು, ನೊಂದು ಕೇಳಿದರು. ಅಂಥ ಒಬ್ಬ ಅಭಿಮಾನಿ, ಚಾಪ್‌ಮನ್ ತಂಡದ ಗೆಲುವನ್ನು ಕಾಯ್ದುಕೊಟ್ಟಾಗಲೆಲ್ಲ ದೌರ್ಜನ್ಯಕ್ಕೊಳಗಾದ ಮಹಿಳೆಯರ ನೆರವಿಗೆ 10 ಡಾಲರ್ ಕೊಡುವುದಾಗಿ ಹೇಳಿದರು, ಬೇರೆಯವರೂ ಕೈಜೋಡಿಸಿದರು. ತಂಡವನ್ನು ಬಿಡಲಾಗದ, ಮನಸ್ಸಾಕ್ಷಿಯನ್ನೂ ಬಿಡಲೊಪ್ಪದ ಈ ನಡೆ, ಟ್ರೇಡ್ ಚರ್ಚೆಗಳಲ್ಲೇ ಅತ್ಯಂತ ಘನವಾದದ್ದು.

ಕಬ್ಸ್ ಗೆದ್ದು ಒಂದು ತಿಂಗಳಾಗಿತ್ತಷ್ಟೆ. ರೆಡ್ ಲೈನಿನ ಇನ್ನೊಂದು ತುದಿಯಲ್ಲಿ ವೈಟ್ ಸಾಕ್ಸ್ ಅದೇ ಬಿತ್ತನೆ ಶುರು ಮಾಡಿತು.

2005ರಲ್ಲಿ ವೈಟ್ ಸಾಕ್ಸ್ 88 ವರ್ಷದ ಮೇಲೆ ಕಪ್ ಗೆದ್ದಿತ್ತು. ಈಗ ಪೋಪ್ ಆಗಿರುವ 14ನೇ ಲಿಯೊ ಆ ವರ್ಷ ಸರಣಿಯ ಮೊದಲ ಪಂದ್ಯವನ್ನು ಗ್ಯಾಲರಿಯಲ್ಲಿ ಕೂತು ನೋಡಿದ್ದರು. ಬಳಿಕ ತಂಡ ಇಳಿಮುಖವಾಯಿತು. 2016ರ ಜೂನ್‌ನಲ್ಲಿ, ಹೇಗಾದರೂ ಆ ವರ್ಷವೇ ಗೆಲ್ಲಬೇಕೆಂಬ ಅವಸರದಲ್ಲಿ, ಜೇಮ್ಸ್ ಶೀಲ್ಡ್ಸ್ ಎಂಬ 34ರ ಪಿಚರ್‌ಗಾಗಿ ಸ್ಯಾನ್ ಡಿಯಾಗೊಗೆ ಇಬ್ಬರನ್ನು ಕೊಟ್ಟಿತು. ಅವರಲ್ಲೊಬ್ಬ ಅಮೆರಿಕದಲ್ಲಿ ಇನ್ನೂ ಒಂದು ವೃತ್ತಿಪರ ಪಂದ್ಯವನ್ನೂ ಆಡಿರದ 17ರ ಹುಡುಗ, ಫರ್ನಾಂಡೊ ಟಾಟಿಸ್ ಜೂನಿಯರ್. 2021ರಲ್ಲಿ ಸ್ಯಾನ್ ಡಿಯಾಗೊ ಅದೇ ಹುಡುಗನಿಗೆ 14 ವರ್ಷಕ್ಕೆ 34 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ದಕ್ಷಿಣ ಶಿಕಾಗೊಗೂ ಅದರದೇ ಬ್ರಾಕ್ ಸಿಕ್ಕಿದ್ದ.

ಡಿಸೆಂಬರ್‌ನಲ್ಲಿ ಸಾಕ್ಸ್ ದಿಕ್ಕು ಬದಲಿಸಿತು. ತನ್ನ ಅತ್ಯುತ್ತಮ ಪಿಚರ್ ಕ್ರಿಸ್ ಸೇಲ್‌ರನ್ನು ಬಾಸ್ಟನ್‌ಗೆ ಕೊಟ್ಟು ಯೋಆನ್ ಮೊಂಕಾಡ, ಮೈಕಲ್ ಕೋಪೆಕ್ ಮತ್ತಿಬ್ಬರನ್ನು ತಂದಿತು. ಮೊಂಕಾಡ ಆಗ ದೇಶದ ಅತಿ ಭರವಸೆಯ ಎಳೆಯರ ಪಟ್ಟಿಗಳ ತುದಿಯಲ್ಲಿದ್ದರು. ಮರುದಿನ ಆಡಂ ಈಟನ್ ವಾಷಿಂಗ್ಟನ್‌ಗೆ ಹೋದರು, ಲೂಕಸ್ ಜಿಯೊಲಿಟೊ ಸೇರಿ ಮೂವರು ಪಿಚರ್‌ಗಳು ಬಂದರು. 2017ರ ಜುಲೈನಲ್ಲಿ ಸಾಕ್ಸ್ ತನ್ನ ಹೋಸೆ ಕಿಂಟಾನರನ್ನು ಪಕ್ಕದ ಕಬ್ಸ್‌ಗೇ ಕೊಟ್ಟು, ಎಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್‌ರನ್ನು ಪಡೆಯಿತು. ಕ್ಯೂಬಾದ ಲೂಯಿಸ್ ರಾಬರ್ಟ್ ಎಂಬ ಎಳೆಯ ಆಟಗಾರನಿಗೆ 2.6 ಕೋಟಿ ಡಾಲರ್ ಸುರಿಯಿತು. ಈ ಒಂದೊಂದು ಟ್ರೇಡನ್ನೂ ಬಲ್ಲವರು ಮೆಚ್ಚಿದರು. ಸಾಕ್ಸ್ ಅಭಿಮಾನಿಗಳು 2018ರ 100 ಸೋಲುಗಳನ್ನು ಎಣಿಸಿದ್ದು ಬಿತ್ತನೆಯ ಖರ್ಚೆಂದು.

ಹಾಗಾದರೆ ಕಾಳು ಕಟ್ಟಲಿಲ್ಲವೇಕೆ? ಒಂದು ಕಾರಣ ದುರದೃಷ್ಟ. ಕೋಪೆಕ್ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಹಿಮೆನೆಸ್, ರಾಬರ್ಟ್, ಮೊಂಕಾಡ ಮೂವರೂ ಆಡಿದ್ದಕ್ಕಿಂತ ಗಾಯದ ಪಟ್ಟಿಯಲ್ಲಿ ಇದ್ದದ್ದೇ ನೆನಪಾಗುವಷ್ಟು ನರಳಿದರು. ಆದರೆ ದೊಡ್ಡ ಕಾರಣ ಬೇರೆ. 2019ರ ಆರಂಭದಲ್ಲಿ ಮ್ಯಾನಿ ಮಚಾದೊ ಎಂಬ ತಾರಾ ಆಟಗಾರ ಫ್ರೀ ಏಜೆಂಟ್ ಆಗಿದ್ದರು. ಅವರನ್ನು ಒಲಿಸಲು ಸಾಕ್ಸ್ ಅವರ ಭಾವಮೈದುನ ಯಾಂಡರ್ ಅಲೊನ್ಸೊ, ಗೆಳೆಯ ಜಾನ್ ಜೇ ಇಬ್ಬರನ್ನೂ ತಂಡಕ್ಕೆ ಸೇರಿಸಿಕೊಂಡಿತು. ಮಚಾದೊ ಮಾತ್ರ ಸ್ಯಾನ್ ಡಿಯಾಗೊದ ಹತ್ತು ವರ್ಷ, 30 ಕೋಟಿಯ ಕರೆಗೆ ಓಗೊಟ್ಟರು. ಸಾಕ್ಸ್ ಅಷ್ಟು ಕೊಡಲು ಮುಂದಾಗಿರಲಿಲ್ಲ. ಕಬ್ಸ್‌ಗೆ ಲೆಸ್ಟರ್ ಬಂದ ಗಳಿಗೆ ಇದೇ ಆಗಿತ್ತು. ಸಾಕ್ಸ್ ಅಭಿಮಾನಿಗಳಿಗೆ ಉಳಿದದ್ದು ಭಾವಮೈದುನ. ವೈಟ್ ಸಾಕ್ಸ್ ತನ್ನ ಇತಿಹಾಸದಲ್ಲೇ ಯಾವ ಆಟಗಾರನಿಗೂ 7.5 ಕೋಟಿ ಡಾಲರ್‌ಗಿಂತ ದೊಡ್ಡ ಒಪ್ಪಂದ ಕೊಟ್ಟಿಲ್ಲ. ಹೇವರ್ಡ್‌ಗೆ ಕಬ್ಸ್ ಕೊಟ್ಟದ್ದರ ಅರ್ಧಕ್ಕೂ ಕಡಿಮೆ ಇದು.

2021ರಲ್ಲಿ ಸಾಕ್ಸ್ 93 ಪಂದ್ಯ ಗೆದ್ದು ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು, ಪ್ಲೇಆಫ್‌ನ ಮೊದಲ ಸರಣಿಯಲ್ಲೇ ಹ್ಯೂಸ್ಟನ್‌ಗೆ ಸೋತಿತು. ಐದು ವರ್ಷದ ಕೃಷಿಯ ತುದಿ ಅದೇ. 2023ರಲ್ಲಿ 101 ಸೋಲು. 2024ರಲ್ಲಿ 121. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ವರ್ಷ ಇಷ್ಟು ಸೋತ ತಂಡ ಇನ್ನೊಂದಿಲ್ಲ. 1962ರ ನ್ಯೂಯಾರ್ಕ್ ಮೆಟ್ಸ್ ಕೂಡ 120ಕ್ಕೆ ನಿಂತಿತ್ತು. ನಡುವೆ ಸತತ 21 ಸೋಲು. ಅಭಿಮಾನಿಗಳು ತಲೆಗೆ ಕಾಗದದ ಚೀಲ ಹಾಕಿಕೊಂಡು ಬಂದರು, 1981ರಿಂದ ಮಾಲೀಕರಾಗಿರುವ ಜೆರ್ರಿ ರೈನ್ಸ್‌ಡಾರ್ಫ್‌ರನ್ನು ಕುರಿತು ‘ತಂಡ ಮಾರಿಬಿಡಿ’ ಎಂದು ಕೂಗಿದರು. ಅದೇ ವರ್ಷ ಕ್ರಿಸ್ ಸೇಲ್ ಅಟ್ಲಾಂಟಾ ಪರ ಸೈ ಯಂಗ್ ಪ್ರಶಸ್ತಿ ಗೆದ್ದರು. ಸೀಸ್ ಆಗಲೇ ಸ್ಯಾನ್ ಡಿಯಾಗೊಗೆ ಹೋಗಿದ್ದರು. ಜುಲೈನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ ಎಸೆದರು. ಸೋಲಿಗೆ ಪ್ರತಿಫಲವೂ ಇಲ್ಲವಾಯಿತು. ಬೇಕೆಂದೇ ಸೋಲುವವರನ್ನು ತಡೆಯಲು ಲೀಗ್ ಈಗ ಡ್ರಾಫ್ಟ್ ಸರದಿಯನ್ನು ಲಾಟರಿಯಿಂದ ನಿರ್ಧರಿಸುತ್ತದೆ, ದೊಡ್ಡ ನಗರದ ತಂಡಕ್ಕೆ ಸತತ ಎರಡು ವರ್ಷ ಮೇಲಿನ ಸರದಿ ಸಿಗುವಂತಿಲ್ಲ. 121 ಪಂದ್ಯ ಸೋತ ತಂಡಕ್ಕೆ 2025ರಲ್ಲಿ ಸಿಕ್ಕದ್ದು ಹತ್ತನೇ ಸರದಿ.

ಎರಡು ಬಿತ್ತನೆಯನ್ನೂ ಪಕ್ಕಪಕ್ಕ ಇಟ್ಟರೆ ಕಾಣುವುದಿಷ್ಟು. ಮಾರುವ ಕೆಲಸವನ್ನು ಇಬ್ಬರೂ ಚೆನ್ನಾಗಿಯೇ ಮಾಡಿದರು. ಬೆಳೆಸುವುದರಲ್ಲಿ ಕಬ್ಸ್ ಮುಂದಿತ್ತು, ಕೊಳ್ಳುವುದರಲ್ಲಿ ಇನ್ನೂ ಮುಂದಿತ್ತು. ಸೋಲನ್ನೇ ಯೋಜನೆ ಮಾಡಿಕೊಂಡ ತಂಡ, ಖರ್ಚು ಮಾಡಬೇಕಾದ ದಿನ ಬಂದಾಗ ಜೇಬು ಮುಟ್ಟಿಕೊಂಡರೆ, ಅದು ಅಭಿಮಾನಿಯಿಂದ ಪಡೆದ ಸಾಲವನ್ನು ತೀರಿಸದೆ ಕೈಯೆತ್ತಿದ ಹಾಗೆ. ಸಾಕ್ಸ್ ಅಭಿಮಾನಿಗಳು 2019ರಲ್ಲೇ ಇದನ್ನು ಗಟ್ಟಿಯಾಗಿ ಹೇಳಿದ್ದರು. ಟ್ರೇಡ್‌ಗಳ ವಿಷಯದಲ್ಲಿ ಅವರ ಊಹೆ ಅನೇಕ ಸಲ ತಪ್ಪಿದೆ, ಎಲ್ಲ ಊರಿನ ಅಭಿಮಾನಿಗಳದ್ದೂ ತಪ್ಪುತ್ತದೆ. ಮಾಲೀಕನ ಮನಸ್ಸನ್ನು ಓದುವುದರಲ್ಲಿ ಅವರು ತಪ್ಪಲಿಲ್ಲ.

ಕಬ್ಸ್ ಕೂಡ ಸುಖವಾಗಿ ಉಳಿಯಲಿಲ್ಲ. 2021ರ ಜುಲೈ 29 ಮತ್ತು 30ರಂದು ರಿಝೊ, ಬ್ರಯಂಟ್, ಹಾವಿಯೆರ್ ಬಾಯೆಸ್ ಮೂವರನ್ನೂ ಬೇರೆ ಬೇರೆ ತಂಡಗಳಿಗೆ ಕೊಟ್ಟುಬಿಟ್ಟಿತು. ಬಾಯೆಸ್‌ಗೆ ಬದಲಾಗಿ ಬಂದ 19ರ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಆಗ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದ್ದ ಹುಡುಗ. 2025ರಲ್ಲಿ ಅವರು 31 ಹೋಮ್ ರನ್ ಹೊಡೆದು 35 ಬೇಸ್ ಕದ್ದರು. ಆ ಮೂವರು ಹೋದಾಗ ಕಣ್ಣೀರಿಟ್ಟವರು ಈಗ ಅವರ ಅಂಗಿ ತೊಟ್ಟು ಬರುತ್ತಾರೆ.

ದಕ್ಷಿಣದಲ್ಲಿ ಮತ್ತೆ ಬಿತ್ತನೆ ನಡೆದಿದೆ. 2024ರ ಡಿಸೆಂಬರ್‌ನಲ್ಲಿ, ಸೇಲ್ ಹೋದ ಎಂಟು ವರ್ಷಕ್ಕೆ ಸರಿಯಾಗಿ, ಸಾಕ್ಸ್ ತನ್ನ ಅತ್ಯುತ್ತಮ ಎಡಗೈ ಪಿಚರ್ ಗ್ಯಾರೆಟ್ ಕ್ರೋಶೆಯನ್ನು ಅದೇ ಬಾಸ್ಟನ್‌ಗೆ ಕೊಟ್ಟು ಅಷ್ಟೇ ಮಂದಿ, ನಾಲ್ವರು ಎಳೆಯರನ್ನು ತಂದಿತು. ಕ್ರೋಶೆ ಮೊದಲ ವರ್ಷವೇ ಬಾಸ್ಟನ್‌ಗೆ 18 ಪಂದ್ಯ ಗೆದ್ದುಕೊಟ್ಟರು. ಆ ನಾಲ್ವರಲ್ಲಿ ಕೈಲ್ ಟೀಲ್, ಚೇಸ್ ಮೈಡ್‌ರಾತ್ ಸೇರಿ ಮೂವರು 2025ರಲ್ಲೇ ಶಿಕಾಗೊದಲ್ಲಿ ಆಡತೊಡಗಿದರು. ಟೀಲ್ ಮೇಲೆ ತಂಡಕ್ಕಿರುವ ಹಕ್ಕು 2031ರವರೆಗೆ. ಈ ಟ್ರೇಡಿನ ತೀರ್ಪು ಬರಲು ಅಲ್ಲಿಯವರೆಗೂ ಕಾಯಬೇಕು.